ತಿಂಗಳಿಗೆ ಇಪ್ಪತ್ತು

ಬಾಟಲಿಯನ್ನು ಮೇಜಿನ ಮೇಲಿಟ್ಟ ಮೇಲೂ ಇಪ್ಪತ್ತಪ್ಪ ಹೊರಗೆ ಹೋಗಲಿಲ್ಲ. ಟೋಪಿ ಹಿಸುಕುತ್ತಾ ಅಲ್ಲೇ ನಿಂತುಕೊಂಡ.

"ಈ ಸಲ ಒಂದು ಕಮ್ಮಿ ಮೇಡಂ. ಹತ್ತೊಂಬತ್ತೇ ಸಿಕ್ಕಿದ್ದು. ಬೈಬೇಡಿ."

ಮೇಡಂ ಅಳತೆಯ ಯಂತ್ರದಿಂದ ತಲೆಯೆತ್ತಿ ನಕ್ಕರು. "ಒಂದಕ್ಕೆಲ್ಲ ಯಾರು ಬೈತಾರೆ? ಕೂತ್ಕೊಳ್ಳಿ. ಅದೇನು, ಕೈ ಹೀಗಾಗಿದೆ?"

ಅವನ ಬೆರಳುಗಳು ನೀರಲ್ಲಿ ನೆನೆದೂ ನೆನೆದೂ ಬೆಳ್ಳಗೆ ಸುಕ್ಕುಗಟ್ಟಿದ್ದವು. ಉಗುರಿನ ಸಂದಿಯಲ್ಲಿ ಬಿರುಕು ಬಿಟ್ಟು ರಕ್ತ ಕರೆಗಟ್ಟಿತ್ತು. ಅವನು ಕೈಯನ್ನು ಟೋಪಿಯೊಳಗೆ ಮರೆಮಾಡಿಕೊಂಡು ಸ್ಟೂಲಿನ ತುದಿಯಲ್ಲಿ ಕೂತ.

ಹದಿನಾರು ವರ್ಷದಿಂದ ಅವನ ಕೆಲಸ ಒಂದೇ. ಪ್ರತಿ ತಿಂಗಳು ಕೆರೆಯಿಂದ ಇಪ್ಪತ್ತು ಬಸವನಹುಳು ಆರಿಸಿ, ದಡದಲ್ಲೇ ಸ್ಪಿರಿಟ್ಟಿನ ಬಾಟಲಿಗೆ ಹಾಕಿ, ಸಂಶೋಧನಾ ಕೇಂದ್ರಕ್ಕೆ ತರುವುದು. ಈ ಕೆರೆ ಬಿಟ್ಟರೆ ಆ ಹುಳು ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ನೀರು ಬಿಸಿಯಾದಂತೆಲ್ಲ ಅದರ ಚಿಪ್ಪು ಎಷ್ಟು ತೆಳುವಾಗುತ್ತದೆ ಎಂದು ಇಲ್ಲಿ ಅಳೆಯುತ್ತಾರೆ. ಒಂದು ಕಡಿಮೆಯಾದರೂ ಸರಾಸರಿ ಕೆಡುತ್ತದೆ ಎಂದು ಹಳೇ ಸಾಹೇಬರು ಮೊದಲ ದಿನವೇ ಬೆರಳೆತ್ತಿ ಹೇಳಿದ್ದರು. ಸಾಹೇಬರು ನಿವೃತ್ತರಾಗಿ ಅವರ ಜಾಗಕ್ಕೆ ಈ ಮೇಡಂ ಬಂದರು, ಮಾತು ಮಾತ್ರ ಇವನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಉಳಿಯಿತು. ಮಳೆಯಿರಲಿ, ಜ್ವರವಿರಲಿ, ಇಪ್ಪತ್ತು ಎಂದರೆ ಇಪ್ಪತ್ತು. ಆಫೀಸಿನವರು ಅವನ ಸ್ವಂತ ಹೆಸರನ್ನೇ ಮರೆತು ಇಪ್ಪತ್ತಪ್ಪ ಎಂದು ಕರೆಯತೊಡಗಿದಾಗ ಅವನಿಗೆ ಬಿರುದು ಸಿಕ್ಕಷ್ಟು ಖುಷಿಯಾಗಿತ್ತು.

"ಕೆರೆಗೆ ಯಾವತ್ತು ಇಳಿದ್ರಿ?" ಮೇಡಂ ಕೇಳಿದರು.

"ಹತ್ತನೇ ತಾರೀಕು."

"ಇವತ್ತು ಮೂವತ್ತು! ದಿನಕ್ಕೊಂದು ಹುಳಾನಾ?" ಮೇಡಂ ಇಕ್ಕಳ ಕೆಳಗಿಟ್ಟರು. "ಮುಂಚೆ ಎಷ್ಟು ದಿನ ಹಿಡೀತಿತ್ತು?"

"ಬಂದ ಹೊಸದ್ರಲ್ಲಿ ದಿನ ಎಲ್ಲಿ ಮೇಡಂ, ಒಂದು ಲೋಟ ಚಹಾ ಆರೋದ್ರೊಳಗೆ ಇಪ್ಪತ್ತು. ಕಾಲಿಟ್ಟಲ್ಲೆಲ್ಲ ಹುಳ. ಆಮೇಲೆ ಅರ್ಧ ದಿನ ಬೇಕಾಯ್ತು, ಆಮೇಲೆ ವಾರ. ಈಚೆಗೆ ರಜೆ ದಿನ ನನ್ನ ಹೆಂಡತೀನೂ ನೀರಿಗಿಳೀತಾಳೆ, ಅವಳ ಕಣ್ಣು ಚುರುಕು. 'ನೀವು ಕಟ್ಕೊಂಡಿದ್ದು ನನ್ನನ್ನೋ ಈ ಹುಳಾನೋ' ಅಂತ ಬೈಕೊಂಡೇ ಕಲ್ಲು ಎತ್ತುತ್ತಾಳೆ." ಹೇಳಿ ತಾನೇ ನಕ್ಕ. ಹದಿನಾರು ವರ್ಷದಲ್ಲಿ ಯಾರೂ ಕೇಳದಿದ್ದುದನ್ನು ಇವತ್ತು ಕೇಳಿದ್ದಾರೆ, ಒಂದು ಶಹಬ್ಬಾಸ್ ಆದರೂ ಸಿಕ್ಕೀತೆಂದು ಮೇಡಂ ಮುಖ ನೋಡಿದ.

ಮೇಡಂ ನಗಲಿಲ್ಲ. ಡ್ರಾಯರಿನಿಂದ ಒಂದು ಪತ್ರ ತೆಗೆದರು. ಕೆರೆ ಸಾಯುತ್ತಿದೆ, ಕಾರ್ಖಾನೆ ಅದಕ್ಕೆ ಬಿಡುವ ಬಿಸಿನೀರು ನಿಲ್ಲಿಸಿ ಎಂದು ಅವರು ಎರಡು ವರ್ಷದಿಂದ ಸರ್ಕಾರದ ಪರಿಸರ ಸಮಿತಿಯವರ ಬೆನ್ನು ಬಿದ್ದಿದ್ದರು. ಉತ್ತರ ಬಂದದ್ದು ನಿನ್ನೆ. ಗಟ್ಟಿಯಾಗಿ ಓದಿದರು:

"'ನಿಮ್ಮದೇ ರಿಜಿಸ್ಟರಿನ ಪ್ರಕಾರ ಪ್ರತಿ ತಿಂಗಳೂ ತಪ್ಪದೆ ಇಪ್ಪತ್ತು ಹುಳು ಸಿಗುತ್ತಿರುವುದರಿಂದ, ಸಂತತಿಗೆ ಅಪಾಯವಿರುವುದು ಕಂಡುಬರುವುದಿಲ್ಲ. ನೀರು ಬಿಡುವುದನ್ನು ಮುಂದುವರಿಸಬಹುದು.'"

ಪತ್ರ ಮಡಿಸದೆ ಹಾಗೇ ಕೈಯಲ್ಲಿ ಹಿಡಿದುಕೊಂಡರು. "ಇಷ್ಟು ದಿನ ಹುಡುಕಿದೆ ಅಂತ ಯಾಕೆ ಬರೀಲಿಲ್ಲ?"

"ಎಲ್ಲಿ ಬರೀಲಿ ಮೇಡಂ? ತಾರೀಕು, ನೀರಿನ ಬಿಸಿ, ಹುಳ ಎಷ್ಟು. ನಂಗೆ ಕೊಟ್ಟಿರೋದು ಮೂರೇ ಕಾಲಂ. ತಡ ಆಯ್ತು ಅಂದ್ರೆ ಮೈಗಳ್ಳ ಅಂತಿದ್ರು. ನೀವೂ ಕೇಳ್ಲಿಲ್ಲ."

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಆದರೂ ಮೇಡಂ ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ಮುಖ ತಿರುಗಿಸಿದರು. ಅವರ ಕಣ್ಣು ಗೋಡೆಯುದ್ದದ ಕಪಾಟಿನ ಕಡೆ ಹೋಯಿತು. ಇಪ್ಪತ್ತಪ್ಪನೂ ಅತ್ತ ತಿರುಗಿದ. ನೆಲದಿಂದ ಸೂರಿನವರೆಗೆ ಬಾಟಲಿಗಳು, ಒಂದೊಂದರ ಮೇಲೂ ಇವನ ಕೈಬರಹದ ಚೀಟಿ, ಒಂದೊಂದರಲ್ಲೂ ಇಪ್ಪತ್ತು. ದಿನಾ ಒರೆಸುವ ಕಪಾಟನ್ನು ಇವತ್ತೇ ಕಂಡವನ ಹಾಗೆ ನೋಡಿದ. ಬಿಸಿನೀರಿಗೆ ಸತ್ತದ್ದು ಸತ್ತಿತು. ತಪ್ಪಿಸಿಕೊಂಡು ತಣ್ಣಗಿನ ಕಲ್ಲಿನಡಿ ಸೇರಿಕೊಂಡವನ್ನು ಹೆಕ್ಕಿ ಹೆಕ್ಕಿ ತಂದದ್ದು ಯಾರು?

"ಹಾಗಾದ್ರೆ ಮೇಡಂ, ನಾನು..."

"ನೀವೊಬ್ರೇ ಅಲ್ಲ, ನಾವೆಲ್ಲ." ಮೇಡಂ ತಟ್ಟನೆ ಎದ್ದು ಕೆರೆಗಿಳಿಯುವ ಬೂಟು ಹುಡುಕತೊಡಗಿದರು. "ಇನ್ಮೇಲೆ ಸ್ಪಿರಿಟ್ ಬೇಡ. ನಡೀರಿ, ಈಗ್ಲೇ ಹೋಗೋಣ. ಉಳಿದಿರೋದನ್ನ ಜೀವಂತ ತಂದು ಗಾಜಿನ ತೊಟ್ಟೀಲಿ ಸಾಕೋಣ. ಹತ್ತಿದ್ರೂ ಸಾಕು, ಸಂತಾನ ಬೆಳೆಯುತ್ತೆ. ಆ ಕೆರೆಯ ಒಂದೊಂದು ಕಲ್ಲೂ ನಿಮಗೆ ಗೊತ್ತಲ್ಲ. ಎಷ್ಟು ಉಳಿದಿರಬಹುದು, ಹೇಳಿ."

ಇಪ್ಪತ್ತಪ್ಪ ಸ್ಟೂಲಿನಿಂದ ಏಳಲಿಲ್ಲ.

"ನಂಗೆ ಇನ್ನೊಂದೇ ಒಂದು ಬೇಕಿತ್ತು ಮೇಡಂ," ಎಂದ. "ಇದ್ದಿದ್ರೆ ಬಿಡ್ತಿದ್ನಾ?"