ಹಗ್ಗದ ಕಸುವು

ಪ್ರಯೋಗಾಲಯದ ಯಂತ್ರ ಎಷ್ಟು ಜಗ್ಗಿದರೂ ಹಗ್ಗದ ತುಂಡು ಹರಿಯಲಿಲ್ಲ. ಚೆಲುವನ ಅಣ್ಣ ಗೋಡೆಗೆ ಬಣ್ಣ ಹೊಡೆಯುವಾಗ ಯಾವ ಹಗ್ಗ ಹರಿದು ಬಿದ್ದು ಸತ್ತನೋ, ಅದೇ ಸುರುಳಿಯಿಂದ ಕತ್ತರಿಸಿದ್ದೆಂದು ಕಂಟ್ರಾಕ್ಟರು ತಂದುಕೊಟ್ಟ ತುಂಡು ಅದು. ಹರಿಯಲಿ ಎಂದು ಹಲ್ಲು ಕಚ್ಚಿ ನಿಂತಿದ್ದ ಚೆಲುವನ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ನೋಡ್ದೇನೋ? ನಿಮ್ಮಣ್ಣ ಕುಡಿದು ಸಜ್ಜಾ ಅಂಚಿಗೆ ಹಗ್ಗ ಉಜ್ಜಿ ಹರ್ಕೊಂಡವ್ನೆ," ಎಂದ ಕಂಟ್ರಾಕ್ಟರು.

"ತಪ್ಪಾಯ್ತು ಸಾವ್ಕಾರ್ರೇ. ಅಣ್ಣನ ಕೆಲ್ಸಕ್ಕೆ ನಾಳೆ ನಾನೇ ಬತ್ತೀನಿ."

ಮರುದಿನ ತಾರಸಿಯ ಮೇಲೆ ಪೇಂಟರುಗಳು ಅಣ್ಣನ ಹಗ್ಗದ ಉಳಿದ ಸುರುಳಿಯನ್ನು ತೂಗುಹಲಗೆಗೆ ಕಟ್ಟಿ ಕಾಯುತ್ತಿದ್ದರು. ಕಂಟ್ರಾಕ್ಟರ ಜೊತೆ ಕೇಸು ಮುಗಿಸಲು ಬಂದ ಇನ್ಸ್‌ಪೆಕ್ಟರೂ ಇದ್ದರು.

"ಹಗ್ಗ ಕೊಡಿಸಿದೋರೇ ಮೊದ್ಲು ಕೂತು ಇಳೀಬೇಕು, ನಮ್ಮ ಪದ್ಧತಿ," ಎಂದ ಚೆಲುವ. "ಕುಂತ್ಕಳಿ."

"ಏಯ್, ಬೆಳಗ್‌ಬೆಳಗ್ಗೇನೇ ತಮಾಷೆನೇನೋ?"

"ಯಂತ್ರಾನೇ ಒಪ್ಪಿದ ಹಗ್ಗ, ಕೂತ್ಕೊಳ್ರೀ," ಎಂದು ಇನ್ಸ್‌ಪೆಕ್ಟರು ನಕ್ಕರು.

ಪೇಂಟರುಗಳು ಕಂಟ್ರಾಕ್ಟರನ್ನು ಎತ್ತಿ ಹಲಗೆಯ ಮೇಲೆ ಕೂರಿಸಿದರು. ಚೆಲುವ ಹಲಗೆಯನ್ನು ಮೆಲ್ಲಗೆ ತಾರಸಿಯಂಚಿನಾಚೆ ದೂಡತೊಡಗಿದ.

"ಅಯ್ಯಯ್ಯೋ, ಈ ಹಗ್ಗ ಬ್ಯಾಡ ಕಣ್ರಪ್ಪೋ! ಲ್ಯಾಬಿಗೆ ಕತ್ತರ್ಸಿ ಕೊಟ್ಟಿದ್ ಸುರುಳಿ ನನ್ ಕಾರಲ್ಲೈತೆ, ಅದನ್ ತಂದ್ ಕಟ್ರೋ!"