ಫೋಟೋದಲ್ಲಿ ಪಕ್ಕಕ್ಕೆ ನಿಲ್ಲುವವಳು

ಬಂದ ಇಬ್ಬರಲ್ಲಿ ಬ್ಯಾಗು ಯಾರ ಕೈಯಲ್ಲಿದೆ ಎಂದು ನೋಡಿದ ಕೂಡಲೇ ಡಾಕ್ಟರಮ್ಮನಿಗೆ ಸಿಟ್ಟು ಬಂತು.

ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿಯೇ ಬಂದಿದ್ದರು. ಮುಖ ಬಿಸಿಲಿಗೆ ಬೆಂದು, ಕಣ್ಣ ಸುತ್ತ ಗೆರೆ ಬಿದ್ದು, ಕೆನ್ನೆ ತುಂಬ ಕಂದು ಮಚ್ಚೆ ಎದ್ದಿದ್ದ ಹೆಂಗಸಿನ ಎರಡು ಕೈಯಲ್ಲೂ ಬ್ಯಾಗು. ಕತ್ತಿಗೆ ಸ್ಕಾರ್ಫು ಸುತ್ತಿದ್ದ ನುಣುಪು ಕೆನ್ನೆಯವಳು ಕೈ ಬೀಸಿಕೊಂಡು ಬಂದು ಕುರ್ಚಿಗೆ ಕುಸಿದಳು. ಮೆಟ್ಟಿಲು ಹತ್ತಿದ್ದು ತಾನೊಬ್ಬಳೇ ಎಂಬಂತೆ ಏದುಸಿರು ಬೇರೆ.

ಇಬ್ಬರಿಗೂ ಒಂದೇ ಮೂಗು, ಒಂದೇ ಗದ್ದ. ತಾಯಿ ಮಗಳು ಎಂದು ಕುರುಡನೂ ಹೇಳಬಹುದಿತ್ತು. ವಯಸ್ಸು ಕೇಳುವುದು ಆ ಚರ್ಮದ ಕ್ಲಿನಿಕ್ಕಿನ ಪದ್ಧತಿಯಲ್ಲ. ಕೇಳಿಸಿಕೊಂಡವರು ಎರಡನೇ ಸಲ ಬರುತ್ತಿರಲಿಲ್ಲ.

"ಇವಳ ಮುಖ ಸ್ವಲ್ಪ ಸರಿ ಮಾಡ್ಕೊಡಿ ಡಾಕ್ಟರ್," ಎಂದಳು ಸ್ಕಾರ್ಫಿನವಳು. "ಕೊಯ್ಯೋದು ಹೊಲಿಯೋದು ಬೇಡ. ಸೂಜಿನೋ ಲೇಸರ್ರೋ, ಏನಾದ್ರೂ ಮಾಡಿ. ಮದುವೆ ಹತ್ತಿರ ಬಂತು."

ಇವಳ! 'ಇವರ' ಎಂದಿದ್ದರೆ ನಾಲಿಗೆ ಸವೆಯುತ್ತಿತ್ತೇ? ಡಾಕ್ಟರಮ್ಮ ಒಳಗೊಳಗೇ ಹಲ್ಲು ಕಡಿದರು. ಮುಖದ ಮೇಲೆ ಏನೂ ಕಾಣಲಿಲ್ಲ. ಹೋದ ತಿಂಗಳು ತಾವೇ ಹಣೆಗೆ ಸೂಜಿ ಹಾಕಿಸಿಕೊಂಡಿದ್ದರು. ಅದೀಗ ಸಿಟ್ಟಿಗೂ ಅಲುಗುತ್ತಿರಲಿಲ್ಲ.

"ಸುಮ್ನೆ ಏಳಮ್ಮ, ಹೋಗೋಣ," ಎಂದಳು ಬಿಸಿಲ ಮುಖದವಳು. "ನಂಗೇನೂ ಬೇಡ. ಈ ಮುಖ ಯಾರನ್ನ ಕಚ್ಚುತ್ತೆ?"

ರೇಗುವಾಗಲೂ 'ಅಮ್ಮ' ಬಿಡದ ಆ ನಾಲಿಗೆಗೆ ಡಾಕ್ಟರಮ್ಮನ ಕರುಳು ಚುರುಕ್ ಎಂದಿತು.

"ನೀವು ಬನ್ನಿ ಅಮ್ಮಾ, ಇಲ್ಲಿ ಕೂತ್ಕೊಳ್ಳಿ," ಎಂದು ಅವಳನ್ನು ದೀಪದ ಕೆಳಗೆ ಕೂರಿಸಿದರು. ಸ್ಕಾರ್ಫಿನವಳತ್ತ ತಿರುಗಿ, "ನೀನು ಅಲ್ಲೇ ಇರು," ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೂಢಿಯಾಗಿಹೋದವರ ಹಾಗೆ ಸುಮ್ಮನಾದರು.

ಡಾಕ್ಟರಮ್ಮ ಭೂತಗನ್ನಡಿ ಹಿಡಿದರು. "ಎಂದಿನಿಂದ ಬಿಸಿಲಲ್ಲಿ ಕೆಲಸ?"

"ಸ್ಕೂಲು ಬಿಟ್ಟಾಗಿಂದ. ದೋಣಿ ನಡೆಸ್ತೀನಿ. ಈ ದಡದೋರನ್ನ ಆ ದಡಕ್ಕೆ ಬಿಡೋದು. ಮೇಲಿಂದಾನೂ ಬಿಸಿಲು, ನೀರಿಂದಾನೂ ಬಿಸಿಲು."

"ಮುಖಕ್ಕೆ ಏನು ಹಚ್ಕೊಳ್ತೀರಿ?"

"ಡೀಸೆಲ್ಲು. ಎಂಜಿನ್ನಿಂದ ಎಷ್ಟು ಹಾರುತ್ತೋ ಅಷ್ಟು."

"ಮನೇಲಿ ದೋಣಿ ನಡೆಸ್ತಿದ್ದೋರು ತೀರ್ಕೊಂಡ್ರು," ಎಂದಳು ಸ್ಕಾರ್ಫಿನವಳು ಕುಳಿತಲ್ಲಿಂದಲೇ. "ಮಾರನೇ ವಾರ ಇವಳು ಚುಕ್ಕಾಣಿ ಹಿಡಿದ್ಲು. ನಾನು ತಡೀಬೇಕಿತ್ತು."

ನೀನಾಗ ತೊಟ್ಟಿಲಲ್ಲಿ ಕಾಲು ಆಡಿಸುತ್ತಿದ್ದೆಯೋ ಏನೋ, ಎಂದುಕೊಂಡರು ಡಾಕ್ಟರಮ್ಮ. ಬಾಯಲ್ಲಿ, "ನೀನೇನು ಮಾಡ್ತೀಯ?" ಎಂದಷ್ಟೇ ಕೇಳಿದರು.

"ಕೋಲ್ಡ್ ಸ್ಟೋರೇಜಲ್ಲಿ ಕೆಲಸ. ಸೂರ್ಯನ್ನ ನೋಡೋದೇ ರಜಾ ದಿನ."

ಕಾಣುತ್ತಲೇ ಇತ್ತು. ಒಬ್ಬಳು ಬಿಸಿಲಲ್ಲಿ ಒಣಗಿದ್ದಳು. ಇನ್ನೊಬ್ಬಳು ತಂಪಿನಲ್ಲಿಟ್ಟ ಸೇಬಿನ ಹಾಗೆ ಹೊಳೆಯುತ್ತಿದ್ದಳು.

"ಮೇಲಿನ ಪದರ ಪೀಲ್ ಮಾಡಿದ್ರೆ ಮಚ್ಚೆ ಒಂದಿಷ್ಟು ತಿಳಿಯಾಗುತ್ತೆ. ಗೆರೆಗಳಿಗೆ ಲೇಸರ್ ಇದೆ, ತಿಂಗಳುಗಟ್ಟಲೆ ಬೇಕು. ಅಲ್ಲೀವರೆಗೆ ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ," ಎಂದು ಡಾಕ್ಟರಮ್ಮ ಕರಪತ್ರ ಚಾಚಿದರು.

ಸ್ಕಾರ್ಫಿನವಳು ನಡುವೆ ಕೈ ಹಾಕಿ ಅದನ್ನು ಕಿತ್ತುಕೊಂಡಳು. ನಾರುವ ಮೀನನ್ನು ಹಿಡಿದ ಹಾಗೆ ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದಳು. ಎಂಥ ತಾತ್ಸಾರ!

"ತಿಂಗಳುಗಟ್ಟಲೆ ಆಗಲ್ಲ ಡಾಕ್ಟರ್. ಮದುವೆ ಫೋಟೋದಲ್ಲಿ ಇವಳು ನನ್ನ ಪಕ್ಕಕ್ಕೆ ನಿಲ್ಬೇಕು. ಈಗ್ಲೇ ಹೋದಲ್ಲಿ ಬಂದಲ್ಲಿ ಜನ ಆಡೋ ಮಾತಿಗೆ ಭೂಮಿ ಬಾಯಿ ಬಿಡಬಾರದಾ ಅನ್ಸುತ್ತೆ."

"ಹುಡುಗನೇ ಏನೂ ಅಂದಿಲ್ಲ, ನಿಂಗ್ಯಾಕೆ ಚಿಂತೆ?" ಎಂದಳು ಬಿಸಿಲ ಮುಖದವಳು.

"ಅವನು ಅನ್ನಲ್ಲ. ಅವನ ಕಡೆಯೋರು ಅಂತಾರೆ. ಮೊನ್ನೆ ದರ್ಜಿ ಅಂಗಡೀಲಿ ಎಲ್ಲರೆದುರು ನನ್ನ ಮಾನ ಹೋಗ್ಲಿಲ್ವಾ?"

ಬಿಸಿಲ ಮುಖದವಳಿಗೆ ಏನು ನೆನಪಾಯಿತೋ, ಫಕ್ಕನೆ ನಕ್ಕಳು. ನೋವು ನುಂಗುವವರು ಹೀಗೇ ನಗುವುದು ಎಂದು ಡಾಕ್ಟರಮ್ಮನಿಗೆ ಗೊತ್ತಿತ್ತು. ಬೀಗರ ಮುಂದೆ ತವರಿನವರ ಮುಖಕ್ಕೆ ಸುಣ್ಣ ಹೊಡೆಸಲು ಬರುವ ಮದುಮಗಳಂದಿರನ್ನು ಅವರು ಬೇಕಾದಷ್ಟು ನೋಡಿದ್ದರು. ಇಷ್ಟು ನಾಚಿಕೆ ಬಿಟ್ಟವಳನ್ನು ಮಾತ್ರ ನೋಡಿರಲಿಲ್ಲ.

ಎದ್ದುಹೋಗಿ ಬಾಗಿಲು ತೆರೆದು ಹಿಡಿದರು.

"ನೋಡಮ್ಮ, ಆಗಿಂದ ಕೇಳಿ ಕೇಳಿ ಸಾಕಾಯ್ತು. ಈ ಮುಖದಲ್ಲಿ ಇರೋ ಒಂದೊಂದು ಗೆರೆನೂ ನಿಮ್ಮನೆ ಒಲೆ ಉರಿಸಿದೆ. ಅದಕ್ಕೆ ನಾಚ್ಕೊಳ್ಳೋರಿಗೆ ನನ್ನ ಹತ್ರ ಮದ್ದಿಲ್ಲ. ಇವರಾಗಿ ಬಂದು ಕೇಳಿದ್ರೆ ಎಲ್ಲಾ ಮಾಡ್ತೀನಿ. ನಿನ್ನ ಫೋಟೋ ಚೆನ್ನಾಗಿ ಬರ್ಲಿ ಅಂತ ಒಂದು ಸೂಜಿನೂ ಚುಚ್ಚಲ್ಲ."

ಸ್ಕಾರ್ಫಿನವಳು ಬಾಯಿ ತೆರೆದಳು. ಡಾಕ್ಟರಮ್ಮ ಬಿಡಲಿಲ್ಲ.

"ನಿನಗೂ ಒಂದು ಮಗು ಅಂತ ಆಗ್ಲಿ. ಆಗ ಗೊತ್ತಾಗುತ್ತೆ, ತಾಯಿ ಸಂಕಟ ಏನು ಅಂತ."

ಬಿಸಿಲ ಮುಖದವಳು ಬ್ಯಾಗುಗಳನ್ನು ಎತ್ತಿಕೊಂಡು ಗೋಡೆಯತ್ತ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು. ಸ್ಕಾರ್ಫಿನವಳು ಮೊಣಕಾಲಿನ ಮೇಲೆ ಕೈಯೂರಿ ನಿಧಾನವಾಗಿ ಎದ್ದಳು.

"ಆಗಿದ್ದಾಳೆ ಡಾಕ್ಟರ್, ಇವಳೇ," ಎಂದಳು. "ಮದುವೆ ಇವಳದ್ದು. ಅವತ್ತೊಂದು ದಿನವಾದ್ರೂ ಜನ ನನ್ನನ್ನ ತಾಯಿ ಅಂದ್ಕೊಳ್ಳಲಿ ಅಂತ ಬಂದೆ."