ಬಳೆಚೂರಿನ ನವಿಲು

ಶುಕ್ರವಾರ ಬಳೆಗಾರ ಬಾಳು ಓಣಿಯೊಳಗೆ ಕಾಲಿಡುವುದೇ ತಡ, ಗೌಂಡಿ ಶಟ್ಟೆಪ್ಪ ತಾನೇ ಎದುರು ಹೋಗಿ ಕರೆತಂದು ಕಟ್ಟೆಯ ಮೇಲೆ ಕೂಡಿಸಿದ. ಇದು ನಾಲ್ಕನೆಯ ವಾರ. ಹೆಂಡತಿಗೆ ಬಳೆ ಇಡಿಸಲು ಗಂಡನೇ ಎದ್ದು ಹೋಗಿ ಬಳೆಗಾರನನ್ನು ಕರೆದದ್ದು ಸಂಪಗಾಂವದ ಆ ಓಣಿಯಲ್ಲಿ ಹೊಸದಾಗಿ ಮದುವೆಯಾದವರ ಮನೆಯಲ್ಲೂ ಇಲ್ಲ. ಶಟ್ಟೆಪ್ಪನಿಗೋ ಮೊಮ್ಮಕ್ಕಳಿದ್ದರು. ಎದುರುಮನೆಯ ರಾಯವ್ವ ಜೋಳ ಹಸನು ಮಾಡುವುದನ್ನು ಅಲ್ಲಿಗೇ ಬಿಟ್ಟು ಬಾಗಿಲಿಗೆ ಬಂದು ನಿಂತಳು.

"ಬಾಯಕ್ಕಾ, ನಿನ್ನ ಗಂಡಗ ಏನ ಮದ್ದ ಹಾಕೀದಿ? ನಮ್ಮನಿಯವರಿಗೂ ಒಂದೀಟ ಕೊಡ."

ಶಟ್ಟೆಪ್ಪನ ಹೆಂಡತಿ ಬಾಯವ್ವ ನಾಚಿದವಳಂತೆ ಸೆರಗು ಸರಿಮಾಡಿಕೊಂಡಳು. ಆ ಮದ್ದು ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಹಿತ್ತಲಲ್ಲಿ, ಮಲ್ಲಿಗೆ ಬಳ್ಳಿಯ ಪಕ್ಕದಲ್ಲಿ, ಅರ್ಧ ಬಾಲ ಬಿಚ್ಚಿಕೊಂಡು ನಿಂತಿತ್ತು.

ಮೊಣಕಾಲು ಹಿಡಿದು ಗೌಂಡಿ ಕೆಲಸ ಬಿಟ್ಟರೂ ಶಟ್ಟೆಪ್ಪನ ಕೈ ಸುಮ್ಮನಿರಬೇಕಲ್ಲ. ಬೆಳಗಾವಿಯಲ್ಲಿ ಒಬ್ಬ ಬಿಳಿ ಸಾಹೇಬನ ಬಂಗಲೆಗೆ ಗೋಡೆ ಕಟ್ಟುವಾಗ ಅಲ್ಲಿಯ ಹೂದೋಟದಲ್ಲಿ ಕಲ್ಲಿನ ನವಿಲು ನೋಡಿದ್ದನಂತೆ. ತನ್ನ ಹಿತ್ತಲಿಗೂ ಒಂದು ಬೇಕು ಅಂದ. ಒಡೆದ ಗಡಿಗೆ ಹೊಟ್ಟೆಯಾಯಿತು, ತೂತುಬಿದ್ದ ಗಿಂಡಿಯ ಕೊಳವೆ ಕುತ್ತಿಗೆಯಾಯಿತು, ಜೋಳ ಕೇರಿ ಕೇರಿ ಸವೆದ ಮೊರ ಬಾಲವಾಯಿತು. ಬಾಲಕ್ಕೆ ಸುಣ್ಣದ ಗಚ್ಚು ಬಳಿದು, ಅದು ಹಸಿ ಇರುವಾಗಲೇ ಬಳೆಯ ಚೂರು ಒತ್ತಬೇಕು. ಬಾಯವ್ವ ಗೋಡೆಯ ಮಾಡದಲ್ಲಿ ಕೂಡಿಟ್ಟಿದ್ದ ಚೂರು ಒಂದೇ ಸಾಲಿಗೆ ಮುಗಿದುಹೋದವು. ಅವನು ಓಣಿಯಲ್ಲಿ ಆಯ್ದು ತಂದದ್ದನ್ನು ಅವಳು ಹೊಸ್ತಿಲು ದಾಟಿಸಲಿಲ್ಲ. ಯಾರ ಕೈಯವೋ ಏನೋ, ಗಂಡ ಸತ್ತವಳ ಬಳೆ ಅದರಲ್ಲಿ ಒಂದಿದ್ದರೂ ತನ್ನ ಮನೆಗೆ ಬರಕೂಡದು ಅಂತ ಎಲ್ಲವನ್ನೂ ತಿಪ್ಪೆಗೆ ಎಸೆದು ಬಂದಳು. ಅಲ್ಲಿಗೆ ಶಟ್ಟೆಪ್ಪನಿಗೆ ನಡೆಯುವಂಥ ಬಳೆ ಊರಲ್ಲಿ ಉಳಿದದ್ದು ಹೆಂಡತಿಯ ಎರಡು ಕೈಯಲ್ಲಿ ಮಾತ್ರ. ಆ ಕೈಯ ಹಳೆಯ ಬಳೆ ಒಡೆಯಬೇಕೆಂದರೆ ಅಲ್ಲೇ ಹೊಸದು ಏರಿಸಬೇಕು, ಮುತ್ತೈದೆಯ ಕೈ ಬರಿದಾಗುವಂತಿಲ್ಲ.

ಇವತ್ತೂ ಬಾಳು ಕೈಗೊಂದು ಬಳೆ ಉಳಿಸಿ ಮಿಕ್ಕವನ್ನು ಒಡೆದ. ಕೆಳಗೆ ಶಟ್ಟೆಪ್ಪ ದೋತರದ ಚುಂಗು ಹಿಡಿದೇ ಕೂತಿದ್ದ, ಒಂದು ಚೂರೂ ನೆಲಕ್ಕೆ ಬೀಳಲಿಲ್ಲ. ಹಸಿರು ಸಾಕು, ಇವತ್ತು ನೀಲಿ ಇಡು ಅಂದ. ಬರುವ ವಾರ ಬಾಲದ ಕಣ್ಣಿಗೆ ನೀಲಿ ಬೇಕಾಗಿತ್ತು. ಬಾಳು ನೀಲಿ ಏರಿಸಿದಾಗ ಹೆಂಡತಿಯ ಕೈ ಹಿಡಿದು ಬಿಸಿಲಿಗೆ ಹೊರಳಿಸಿ ಹೊರಳಿಸಿ ನೋಡಿದ. ಈ ಮನುಷ್ಯ ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳ ಬಳೆಯ ಬಣ್ಣ ಯಾವುದೆಂದು ಕಂಡವನಲ್ಲ. ಗೋಡೆ ಕೂದಲೆಳೆಯಷ್ಟು ಸೊಟ್ಟಗಾದರೂ ಹಿಡಿಯುವ ಕಣ್ಣು ಅದು, ಮನೆಯೊಳಗೆ ಬಂದರೆ ಮಾತ್ರ ಮಂಜು. ಈಗಲೂ ಅವನು ನೋಡುತ್ತಿದ್ದುದು ಗಾಜನ್ನೇ ಅನ್ನುವುದು ಬಾಯವ್ವನಿಗೆ ತಿಳಿಯದ್ದೇನಲ್ಲ. ಆದರೆ ಹಿಡಿದದ್ದು ಅವಳ ಕೈಯನ್ನು, ಅದೂ ನಾಲ್ಕು ಮಂದಿ ನೋಡುವಾಗ. ಅಷ್ಟಕ್ಕೇ ಅವಳಿಗೆ ಭಾಳ ಸಂತೋಷವಾಗಿತ್ತು. ಗುರುವಾರ ಬಂತೆಂದರೆ ಸಾಕು, ನಾಳೆ ಯಾವ ಸೀರೆ ಉಡಲಿ ಅಂತ ಯೋಚನೆ ಹತ್ತುತ್ತಿತ್ತು.

ಮುಂದೆ ಎರಡು ವಾರಕ್ಕೆ ನವಿಲು ಮುಗಿಯಿತು. ಗುಲಗಂಜಿಯ ಕಣ್ಣು ಇಟ್ಟ ದಿನ ಓಣಿಗೆ ಓಣಿಯೇ ಹಿತ್ತಲಿಗೆ ಬಂತು. ಎಲ್ಲರೂ ಶಟ್ಟೆಪ್ಪನ ಕೈ ಹೊಗಳಿದರು. ಬಾಯವ್ವ ಬಂದವರಿಗೆಲ್ಲ ಎಲೆ ಅಡಿಕೆ ಕೊಟ್ಟಳು.

ಮರುದಿನ ಶುಕ್ರವಾರ. ಅವಳು ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ಏನೂ ಕೆಲಸವಿಲ್ಲದಿದ್ದರೂ ಬಾಗಿಲಲ್ಲಿ ನಿಂತಿದ್ದಳು. ಬಾಳು ರೂಢಿಯಂತೆ ಬಂದು ಕಟ್ಟೆಯ ಮೇಲೆ ಬಳೆಯ ಗಂಟು ಇಳಿಸಿದ. ಶಟ್ಟೆಪ್ಪ ತಂಬಾಕು ತಿಕ್ಕುತ್ತಿದ್ದವನು ತಲೆ ಎತ್ತಲಿಲ್ಲ.

"ಇವತ್ತ ಬ್ಯಾಡೊ ತಮ್ಮಾ. ಕೆಲಸ ಮುಗೀತು."

ಬಾಳು ಗಂಟು ಎತ್ತಿಕೊಂಡು ಹೊರಟ. ಎದುರುಮನೆಯ ರಾಯವ್ವನಿಗೆ ಎಲ್ಲ ಕೇಳಿಸಿತ್ತು, ಅವಳು ನಗಲಿಲ್ಲ. ನಕ್ಕಿದ್ದರೆ ಏನೋ ಒಂದು ಅಂದು ಮುಗಿಸಬಹುದಿತ್ತು. ಬಾಯವ್ವನಿಗೆ ಗಾಜಿಗಾಗಿ ಹಿಡಿದ ಕೈಯನ್ನು ತನಗಾಗಿ ಹಿಡಿದದ್ದು ಅಂದುಕೊಂಡು ಆರು ವಾರ ಕುಣಿದೆನಲ್ಲ ಅಂತ ತನ್ನ ಮೇಲೆಯೇ ಸಿಟ್ಟು ಬಂತು. ಸೀದಾ ಒಳಗೆ ಹೋದಳು.

ಹಿತ್ತಲಲ್ಲಿ ಸದ್ದಾದಾಗ ಶಟ್ಟೆಪ್ಪ ಮೊಣಕಾಲು ನೋವು ಮರೆತು ಓಡಿದ. ಗಡಿಗೆಯ ಹೊಟ್ಟೆ ಇತ್ತು, ಕುತ್ತಿಗೆ ಇತ್ತು, ಬಾಲ ಇರಲಿಲ್ಲ. ಒಂದು ಚೂರನ್ನೂ ಮತ್ತೆ ಹಚ್ಚಲು ಬರದಂತೆ ಅದು ಪುಡಿಯಾಗಿ ಬಿದ್ದಿತ್ತು. ಪಕ್ಕದಲ್ಲಿ ಬಾಯವ್ವ ನಿಂತಿದ್ದಳು, ಕೈಯಲ್ಲಿ ಒನಕೆ.

"ಎಮ್ಮಿ ಹೊಕ್ಕಿತ್ತೇನ?" ಅಂದ.

"ಎಮ್ಮಿ ಯಾಕ ಹೊಗತೈತಿ? ನಾನ ಒಡದೇನಿ."

ಶಟ್ಟೆಪ್ಪ ಒಮ್ಮೆ ನೆಲದ ಪುಡಿ ನೋಡಿದ, ಒಮ್ಮೆ ಒನಕೆ ನೋಡಿದ, ಕೊನೆಗೆ ಬೇರೆ ದಾರಿಯಿಲ್ಲದೆ ಹೆಂಡತಿಯ ಮುಖ ನೋಡಿದ. ಬಾಯವ್ವ ಒನಕೆಯನ್ನು ಗೋಡೆಗೆ ಆನಿಸಿ, ಸೆರಗಿನಿಂದ ಕೈಯ ಸುಣ್ಣ ಒರೆಸಿಕೊಂಡಳು.

"ನೋಡ್ಕೋತ ಏನ ನಿಂತ್ರಿ? ಬಾಳು ಇನ್ನೂ ಊರ ಅಗಸಿ ದಾಟಿಲ್ಲ, ಹೋಗಿ ಕರ್ಕೊಂಡ ಬರ್ರಿ. ಈ ಸಲ ಬಣ್ಣ ನಾ ಹೇಳತೇನಿ."